ನಾವು ದೋಣಿ ಎತ್ತುವಾಗ ಅವರು ಇಳಿಸುತ್ತಿದ್ದರು

ಜುಲೈ ತಿಂಗಳ ಒಂದು ಶನಿವಾರ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿಲ್ ಲ್ಯಾಕ್ಸ್ ಕೆರೆ. ಬೆಳಿಗ್ಗೆ ಹತ್ತೂವರೆಗೆ ನೀರಿಗಿಳಿದ ನಾವು ಮೂವರು, ಸಂಜೆ ಆರರ ಹೊತ್ತಿಗೆ ದಡಕ್ಕೆ ಬಂದೆವು. ದೋಣಿ ಗೆಳೆಯನದು, ಹದಿನಾರು ಅಡಿಯ ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ದೋಣಿ. ಏಳೂವರೆ ಗಂಟೆಯಲ್ಲಿ ಸಿಕ್ಕಿದ್ದು ಬೆರಳುದ್ದದ ಎರಡು ಪರ್ಚ್ ಮೀನು. ಮೂಗಿನ ಮೇಲಿನ ಚರ್ಮ ಸುಲಿಯೋಕೆ ಶುರುವಾಗಿತ್ತು. ಪುಳಿಯೋಗರೆ ಡಬ್ಬಿ ಮಧ್ಯಾಹ್ನವೇ ಖಾಲಿ. ದೋಣಿಯನ್ನು ಟ್ರೇಲರಿಗೆ ಏರಿಸುವಾಗ ನೋಡಿದರೆ ರ‍್ಯಾಂಪಿನ ಮೇಲ್ಗಡೆ ಪಿಕಪ್ ಗಾಡಿಗಳ ಸಾಲು. ಎಲ್ಲರ ಹಿಂದೆಯೂ ದೋಣಿ. ನಮ್ಮ ಹಾಗೆ ಮನೆಗೆ ಹೋಗುವವರಲ್ಲ, ಆಗ ತಾನೇ ಬಂದವರು. ನಾವು ಎತ್ತುತ್ತಿದ್ದೆವು, ಅವರು ಇಳಿಸಲು ಕಾಯುತ್ತಿದ್ದರು.

ಸಾಲಿನಲ್ಲಿ ಮೊದಲಿದ್ದ ಮುದುಕರು ಇಳಿದು ಬಂದು ಏನಾದರೂ ಸಿಕ್ಕಿತಾ ಅಂದರು. ಇಲ್ಲ ಅಂದೆವು. ಅವರು ಒಮ್ಮೆ ಆಕಾಶ ನೋಡಿದರು, ಒಮ್ಮೆ ಕನ್ನಡಿ ಹಾಗೆ ನಿಂತಿದ್ದ ನೀರು ನೋಡಿದರು. "ಇವತ್ತು ಹವೆ ತುಂಬ ಚೆನ್ನಾಗಿತ್ತು ಬಿಡಿ" ಅಂತ ಹೇಳಿ ನಕ್ಕರು. ಈ ಕಡೆಯವರು ಹವಾಮಾನದ ಮಾತು ಬಿಟ್ಟರೆ ಇನ್ನೇನು ಆಡುತ್ತಾರೆ ಅಂದುಕೊಂಡು ನಾನೂ ನಕ್ಕೆ. ಅವರು ನಮಗೆ ಸಮಾಧಾನ ಹೇಳುತ್ತಿರಲಿಲ್ಲ, ಮೀನು ಯಾಕೆ ಸಿಗಲಿಲ್ಲ ಅಂತ ಕಾರಣ ಹೇಳುತ್ತಿದ್ದರು. ಅದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ಬೇಸಿಗೆ ಕಳೆದಿತ್ತು.

ನನಗೆ ಮೀನು ಹೊಸದಲ್ಲ. ತೀರ್ಥಹಳ್ಳಿ ಕಡೆಯವನು. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಹೊಡೆದು ಹಳ್ಳ ಕೆಂಪಾಗಿ ಹರಿಯೋಕೆ ಶುರುವಾದರೆ ಸಾಕು, ರಾತ್ರಿ ಬ್ಯಾಟರಿ ಹಿಡಿದು, ಕೈಯಲ್ಲಿ ಕತ್ತಿ ಹಿಡಿದು ಗದ್ದೆ ಬಯಲಿಗೆ ಹೋಗುತ್ತಿದ್ದೆವು. ಹತ್ತು ಮೀನು ಅನ್ನುತ್ತೇವೆ. ಮೊಟ್ಟೆ ಇಡೋಕೆ ಅಂತ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನು. ಅಂಚಿನ ಮೇಲೆ ನಿಂತರೆ ಪಾದಕ್ಕೇ ಬಂದು ಬಡಿಯುತ್ತಿತ್ತು. ಕೂಣಿ ಅನ್ನುವ ಬಿದಿರಿನ ಬುಟ್ಟಿ ಒಡ್ಡಿದರೆ ಬೆಳಿಗ್ಗೆಗೆ ತುಂಬಿರುತ್ತಿತ್ತು. ಮೀನು ಎಲ್ಲಿದೆ ಅಂತ ನಾವು ತಲೆ ಕೆಡಿಸಿಕೊಂಡವರೇ ಅಲ್ಲ. ಅದೇ ಬರುತ್ತಿತ್ತು. ನಾವು ಎಚ್ಚರ ಇದ್ದರಾಯಿತು. ಅದೇ ಜಂಬದಲ್ಲಿ ಇಲ್ಲಿಗೆ ಬಂದು, ಅಂಗಡಿಯಲ್ಲಿ ನಲವತ್ತು ಡಾಲರಿನ ರಾಡ್ ಕೊಂಡು, ಲೈಸೆನ್ಸ್ ಮಾಡಿಸಿ, ನೀರು ಕಂಡಲ್ಲೆಲ್ಲ ಗಾಳ ಹಾಕುತ್ತಾ ಹೋದೆ. ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ ಈ ರಾಜ್ಯದಲ್ಲಿ 11,842 ಇವೆ. ಗಾಳ ಹಾಕೋಕೆ ಜಾಗಕ್ಕೇನೂ ಬರ ಇರಲಿಲ್ಲ.

ಕೆರೆಗೆ ಮಹಡಿ

ಮೊದಲ ಪಾಠ ಆಗಿದ್ದು ಗಾಳದಿಂದಲ್ಲ, ಈಜಿನಿಂದ. ಮಿನಿಯಾಪೊಲಿಸ್ ಊರೊಳಗೇ ಬ್ಡೆ ಮಕಾ ಸ್ಕಾ ಅಂತ ಒಂದು ಕೆರೆ ಇದೆ. ನೋಡೋಕೆ ಪಾರ್ಕಿನ ಕೆರೆ, ಸುತ್ತ ಸೈಕಲ್ ದಾರಿ, ಐಸ್‌ಕ್ರೀಮ್. ಆದರೆ ಆಳ 80 ಅಡಿಗೂ ಜಾಸ್ತಿ. ಆಗಸ್ಟ್‌ನಲ್ಲಿ ಒಂದು ದಿನ ಗೆಳೆಯನ ದೋಣಿಯಿಂದ ನಡುನೀರಿಗೆ ಹಾರಿದೆ. ಮೇಲೆ ನೀರು ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು. ಊರಲ್ಲಿ ಬಾವಿಗೆ ಹಾರಿದ ಅಭ್ಯಾಸ, ಹಾಗೇ ಕೆಳಗೆ ಮುಳುಗುತ್ತಾ ಹೋದೆ. ಒಂದು ಕಡೆ ಥಟ್ಟಂತ ಕೈ ತಣ್ಣಗಾಯಿತು. ನಿಧಾನಕ್ಕೆ ತಣ್ಣಗಾಗಿದ್ದಲ್ಲ. ಬೆಚ್ಚಗಿನ ಕೋಣೆಯಿಂದ ಹೊಸ್ತಿಲು ದಾಟಿ ಚಳಿಗೆ ಕಾಲಿಟ್ಟ ಹಾಗೆ. ಕಿವಿ ನೋವು ಬಂದು ಮೇಲೆದ್ದೆ.

ಆ ಹೊಸ್ತಿಲಿಗೆ ಇಂಗ್ಲಿಷಿನಲ್ಲಿ ಥರ್ಮೋಕ್ಲೈನ್ ಅಂತಾರೆ. ನೀರು ಅತಿ ಭಾರ ಇರೋದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಂಜುಗಡ್ಡೆ ಕರಗಿದ ಮೇಲೆ ವಸಂತದಲ್ಲಿ ಇಡೀ ಕೆರೆ ಸುಮಾರು ಅದೇ ಬಿಸಿಯಲ್ಲಿರುತ್ತೆ, ಗಾಳಿ ಬೀಸಿದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಕಲಸಿ ಹೋಗುತ್ತೆ. ಬಿಸಿಲು ಏರಿದಂತೆ ಮೇಲಿನ ನೀರು ಕಾದು ಹಗುರಾಗಿ ಮೇಲೇ ನಿಂತುಬಿಡುತ್ತೆ. ಜುಲೈ ಹೊತ್ತಿಗೆ ಆಳದ ಕೆರೆಗಳಲ್ಲಿ ಎರಡು ಮಹಡಿ ಆಗಿರುತ್ತೆ, ಮಧ್ಯೆ ಒಂದು ತೆಳುವಾದ ಅಟ್ಟ. ಮೇಲಿನ ಗಾಳಿ ಕೆಳಗಿನ ಮಹಡಿಗೆ ಹೋಗಲ್ಲ. ಸತ್ತ ಪಾಚಿ, ಎಲೆ, ಕಸ ಎಲ್ಲ ಕೆಳಗೆ ಬಿದ್ದು ಕೊಳೆಯುತ್ತಾ ಅಲ್ಲಿರುವ ಆಮ್ಲಜನಕವನ್ನೂ ತಿಂದು ಹಾಕುತ್ತವೆ. ಗೊಬ್ಬರದ ನೀರು, ಪಾಚಿ ಜಾಸ್ತಿ ಇರುವ ಕೆರೆಯಾದರೆ ಬೇಸಿಗೆ ಮುಗಿಯುವಷ್ಟರಲ್ಲಿ ಕೆಳಮಹಡಿಯಲ್ಲಿ ಮೀನು ಉಸಿರಾಡುವ ಹಾಗೇ ಇರಲ್ಲ.

ಬಿಸಿಲಿಗೆ ಮೀನು ತಂಪು ಹುಡುಕಿಕೊಂಡು ತಳಕ್ಕೆ ಹೋಗಿರುತ್ತೆ ಅಂತ ನಾನು 50 ಅಡಿ, 60 ಅಡಿಗೆಲ್ಲ ಸೀಸದ ಗುಂಡು ಬಿಟ್ಟು ಕೂರುತ್ತಿದ್ದೆ. ಅಂಥ ಕೆರೆಯ ತಳದಲ್ಲಿ ಕಾಯೋದೂ ಒಂದೇ, ಖಾಲಿ ಮನೆ ಬಾಗಿಲು ತಟ್ಟೋದೂ ಒಂದೇ. ಅಟ್ಟದ ಮೇಲ್ಗಡೆಯೇ ಮೀನು. ಕಳೆ ಎಲ್ಲಿ ಮುಗಿದು ಆಳ ಶುರುವಾಗುತ್ತೋ ಆ ಅಂಚು, ನೀರೊಳಗಿನ ದಿಬ್ಬದ ನೆತ್ತಿ, ಜನ ದೋಣಿ ಕಟ್ಟುವ ಮರದ ಕಟ್ಟೆಯ ನೆರಳು, ಇಷ್ಟೇ ಜಾಗ. ಮಗಳಿಗೆ ಸನ್‌ಫಿಶ್ ಹಿಡಿಯೋಕೆ ಕಟ್ಟೆ ನೆರಳು ಸಾಕು, ಎರೆಹುಳುವಿನ ಒಂದು ಚೂರು ಸಾಕು. ಅವಳಿಗೆ ನನಗಿಂತ ಜಾಸ್ತಿ ಮೀನು ಸಿಕ್ಕಿದೆ, ಅದನ್ನು ಅವಳು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಮೀನು ತೋರಿಸುವ ಯಂತ್ರ ಇದ್ದವರಿಗೆ ಈ ಅಟ್ಟ ಪರದೆಯ ಮೇಲೆ ಮಸುಕು ಗೆರೆಯಾಗಿ ಕಾಣುತ್ತೆ. ನಾನು ಅದನ್ನು ತುಂಬ ದಿನ ಯಂತ್ರ ಕೆಟ್ಟಿದೆ ಅಂತಲೇ ತಿಳಿದಿದ್ದೆ.

ನಮಗೆ ಹಿತ, ಅದಕ್ಕೆ ಕಣ್ಣುಕುಕ್ಕು

ಆದರೆ ಮಿಲ್ ಲ್ಯಾಕ್ಸ್ ಈ ಲೆಕ್ಕಕ್ಕೆ ಸಿಗಲ್ಲ. ಅದನ್ನು ಕೆರೆ ಅನ್ನೋಕೆ ನಾಲಿಗೆ ಒಪ್ಪಲ್ಲ, ಸುಮಾರು 1,32,000 ಎಕರೆ, ನಮ್ಮ ಲಿಂಗನಮಕ್ಕಿ ಹಿನ್ನೀರಿಗಿಂತ ದೊಡ್ಡದು, ಆಚೆ ದಡ ಕಾಣಲ್ಲ. ಅಷ್ಟು ದೊಡ್ಡದಾದರೂ ಆಳ ಎಲ್ಲೂ 45 ಅಡಿ ಮುಟ್ಟಲ್ಲ. ಹರಿವಾಣದಲ್ಲಿ ನೀರು ಹುಯ್ದ ಹಾಗೆ. ಒಂದು ಗಟ್ಟಿ ಗಾಳಿ ಬಂದರೆ ತಳದವರೆಗೂ ಕಲಕಿ ಹೋಗುತ್ತೆ, ಮಹಡಿ ನಿಲ್ಲಲ್ಲ. ಹಾಗಾದರೆ ಆ ಶನಿವಾರ ನಮಗೆ ಯಾಕೆ ಏನೂ ಸಿಗಲಿಲ್ಲ?

ಕಾರಣ ಇರೋದು ಮೀನಿನ ಕಣ್ಣಿನಲ್ಲಿ. ಇಲ್ಲಿಯವರು ಜೀವ ಬಿಡುವ ಮೀನು ವಾಲೈ. 1965ರಿಂದ ಅದು ರಾಜ್ಯದ ಮೀನು, ದಡದ ಗ್ಯಾರಿಸನ್ ಊರಿನಲ್ಲಿ ಅದಕ್ಕೊಂದು ದೊಡ್ಡ ವಿಗ್ರಹ ಕೂಡ ಇದೆ. ಮೈ ಹಿತ್ತಾಳೆ ಬಣ್ಣ, ಬಾಲದ ಕೆಳತುದಿಯಲ್ಲಿ ಒಂದು ಬಿಳಿ ಚುಕ್ಕೆ, ಹಿಡಿಯಲು ಹೋದರೆ ಬೆನ್ನಿನ ಮುಳ್ಳು ಚುಚ್ಚುತ್ತೆ. ಕಣ್ಣು ಮಾತ್ರ ಬೆಕ್ಕಿನದು. ಟಾರ್ಚ್ ಬಿಟ್ಟರೆ ಹೊಳೆಯುತ್ತೆ. ರೆಪ್ಪೆ ಇಲ್ಲದ ಆ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಎಸೆಯುವ ಒಂದು ಪದರ ಇದೆ. ಹಾಗಾಗಿ ಮಬ್ಬಿನಲ್ಲಿ, ಕಲಕಿದ ನೀರಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತೆ. ಅದು ತಿನ್ನುವ ಪರ್ಚ್‌ಗೆ ಅಷ್ಟು ಕಾಣಲ್ಲ. ಬೇಟೆ ಆಗೋದೇ ಈ ವ್ಯತ್ಯಾಸದಲ್ಲಿ. ಬಟಾಬಯಲು ಬಿಸಿಲು, ಗಾಳಿ ಇಲ್ಲ, ನೀರು ಕನ್ನಡಿ ಅಂದರೆ ಆ ಅನುಕೂಲವೆಲ್ಲ ಹೋಯಿತು. ಅದು ತಳ ಹಿಡಿದು ಸುಮ್ನೆ ಬಿದ್ದಿರುತ್ತೆ.

ಅದಕ್ಕೇ ಇಲ್ಲಿಯವರು ಗಾಳಿಗೆ ಕಾಯುತ್ತಾರೆ. ನೀರಿನ ಮೇಲೆ ಒಂದಡಿ ಅಲೆ ಎದ್ದರೆ ಬೆಳಕು ಚೂರುಚೂರಾಗಿ ಒಳಗೆ ಕಮ್ಮಿ ಇಳಿಯುತ್ತೆ. ಗಾಳಿ ಹೊಡೆಯುವ ದಡದ ಕಡೆ ನೀರು ಕಲಕುತ್ತೆ, ಅಲ್ಲಿಗೆ ಸಣ್ಣ ಮೀನು, ಅದರ ಹಿಂದೆ ವಾಲೈ. ನಾವು ಮಾಡಿದ್ದು ಉಲ್ಟಾ. ಹೊಟ್ಟೆ ತೊಳಸುತ್ತೆ ಅಂತ ಗಾಳಿ ಇಲ್ಲದ ಮೂಲೆ ಹುಡುಕಿ ಲಂಗರು ಬಿಟ್ಟಿದ್ದೆವು. ಮೋಡ ಇದ್ದರೆ ಪ್ರಯಾಣ ಮುಂದೂಡುತ್ತಿದ್ದೆವು. ಬೇಸಿಗೆ ಅಂತ ಇಲ್ಲಿ ಸಿಗೋದೇ ಮೂರು ತಿಂಗಳು, ಉಳಿದ ದಿನ ಹಿಮ ಎತ್ತಿ ಎತ್ತಿ ಸೊಂಟ ಬಿದ್ದಿರುತ್ತೆ. ಹಾಗಾಗಿ ಒಳ್ಳೆ ಬಿಸಿಲಿನ ಶನಿವಾರ ಬಂದರೆ ಮನೆಯಲ್ಲಿ ಕೂರೋದು ಪಾಪ ಅನಿಸುತ್ತೆ. ಆ ಶನಿವಾರ ನಮ್ಮದು, ಮೀನಿನದಲ್ಲ. ಅಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಊರಲ್ಲಿ ಆಗಿದ್ದರೆ ಮಳೆ ಇಲ್ಲದ ದಿನ ಹತ್ತು ಮೀನಿಗೆ ಹೊರಟವನನ್ನು ನಾನೇ ಗೇಲಿ ಮಾಡುತ್ತಿದ್ದೆ.

ಇನ್ನೊಂದು ಕತೆಯೂ ಇದೆ. ಈ ಕೆರೆಯ ನೀರು ಮೊದಲು ಇಷ್ಟು ತಿಳಿ ಇರಲಿಲ್ಲವಂತೆ. ಕೆಲವು ದಶಕಗಳಿಂದ ತಿಳಿಯಾಗುತ್ತಾ ಬಂದಿತ್ತು, 2005ರಲ್ಲಿ ಜೀಬ್ರಾ ಮಸಲ್ ಅನ್ನುವ ಉಗುರಿನಷ್ಟು ಚಿಪ್ಪು ಕಾಣಿಸಿಕೊಂಡ ಮೇಲೆ ಇನ್ನೂ ತಿಳಿಯಾಯಿತು. ದಿನವಿಡೀ ನೀರು ಹೀರಿ ಸೋಸಿ ಬಿಡೋದೇ ಅದರ ಕೆಲಸ. ಕಾಲಿಟ್ಟರೆ ಬ್ಲೇಡ್ ಹಾಗೆ ಕೊಯ್ಯುತ್ತೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಅದು ದೋಣಿಯ ಜೊತೆ ಹೋಗುತ್ತೆ ಅಂತಲೇ ರ‍್ಯಾಂಪ್ ಬಿಡುವಾಗ ದೋಣಿಯ ತಳದ ಬಿರಡೆ ಕಿತ್ತು ನೀರೆಲ್ಲ ಸುರಿಸಬೇಕು, ಒಂದು ಎಳೆ ಕಳೆ ಕೂಡ ಅಂಟಿರಬಾರದು. ನೀರು ತಿಳಿಯಾದರೆ ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಬೆಕ್ಕಿನ ಕಣ್ಣಿನ ಮೀನಿಗೆ ಮನೆಯ ಸೂರು ಹಾರಿಹೋದ ಹಾಗೆ.

ದುಡ್ಡು ಕೊಟ್ಟು ತಂದ ಇಂಬಳ

ಮಲೆನಾಡಿನಲ್ಲಿ ಹುಟ್ಟಿದವನು ಗಾಳದ ಎರೆಗೆ ಅಂತ ಇಂಬಳ ಕೊಳ್ಳಲು ಅಂಗಡಿಗೆ ಹೋಗುತ್ತಾನೆ ಅಂದರೆ ನಮ್ಮ ಅಪ್ಪಯ್ಯ ಇವತ್ತಿಗೂ ನಂಬಲ್ಲ. ತೋಟಕ್ಕೆ ಹೋಗಿ ಬಂದು ಕಾಲಿಗೆ ಸುಣ್ಣ ಹಚ್ಚಿ, ಹೊಗೆಸೊಪ್ಪಿನ ನೀರು ಬಳಿದು ಕಿತ್ತು ಎಸೆದ ಜಾತಿ ನಮ್ಮದು. ಇಲ್ಲಿ ಡಜನ್ ಲೆಕ್ಕದಲ್ಲಿ ಮಾರುತ್ತಾರೆ. ನಮ್ಮ ಇಂಬಳದಂತೆ ನೆಲದ್ದಲ್ಲ, ನೀರಿನದು. ಅದು ಸತ್ತರೆ ದುಡ್ಡು ದಂಡ ಅಂತ ದಿನಾ ತಣ್ಣೀರು ಬದಲಿಸಿ ಫ್ರಿಜ್‌ನಲ್ಲಿ ಇಡಬೇಕು. ಮೊದಲ ಸಲ ಹೆಂಡತಿ ಡಬ್ಬಿ ತೆಗೆದು ನೋಡಿ ಕಿರುಚಿದ್ದು ಪಕ್ಕದ ಮನೆಗೆ ಕೇಳಿಸಿತ್ತು. ಈಗ ಒಪ್ಪಂದ ಆಗಿದೆ. ತರಕಾರಿ ಟ್ರೇಯಲ್ಲಿ ಬೇಡ, ಮೇಲಿನ ಅರೆಯ ಹಿಂದುಗಡೆ, ಡಬ್ಬಿಗೆ ಎರಡು ರಬ್ಬರ್ ಬ್ಯಾಂಡ್.

ಗಾಳಕ್ಕೆ ಚುಚ್ಚುವಾಗ ಅಗಲ ತುದಿ ಹುಡುಕಬೇಕು. ಅದರ ದೊಡ್ಡ ಹೀರುಬಾಯಿ ಇರೋದು ಬಾಲದಲ್ಲಿ. ಅಲ್ಲಿಗೆ ಒಂದೇ ಒಂದು ಸಲ ಚುಚ್ಚಿ ಬಿಟ್ಟರೆ ಮುಂದಿನ ಮೈ ರಿಬ್ಬನ್ ಹಾಗೆ ಬಳುಕಿಕೊಂಡು ಈಜುತ್ತಲೇ ಇರುತ್ತೆ. ಹೆದರಿಕೆಗೆ ಎರಡು ಮೂರು ಕಡೆ ಪೋಣಿಸಿದರೆ ಮುದ್ದೆಯಾಗಿ ಸುತ್ತಿಕೊಳ್ಳುತ್ತೆ, ಯಾವ ಮೀನೂ ಮೂಸಿ ನೋಡಲ್ಲ. ಅದಕ್ಕೆ ಜಾರುವ ಬೆಂಡು. ತಂಗೂಸಿಗೆ ಒಂದು ಸಣ್ಣ ದಾರದ ಗಂಟು ಹಾಕಿ, ಒಂದು ಮಣಿ, ಆಮೇಲೆ ಬೆಂಡು, ಕೆಳಗೆ ಚಿಕ್ಕ ಸೀಸ, ಗಾಳ. ಎಸೆಯುವಾಗ ಬೆಂಡು ಗಾಳದ ಹತ್ತಿರವೇ ಇರುತ್ತೆ. ನೀರಿಗೆ ಬಿದ್ದ ಮೇಲೆ ತಂಗೂಸಿ ಬೆಂಡಿನೊಳಗಿಂದ ಜಾರಿ ಜಾರಿ, ಗಂಟು ಬಂದಲ್ಲಿ ನಿಲ್ಲುತ್ತೆ. ಗಂಟು ಎಲ್ಲಿ ಅಂದರೆ ತಳಕ್ಕಿಂತ ಒಂದಡಿ ಮೇಲೆ ಇಂಬಳ ಆಡುವ ಹಾಗೆ. ಊರಿನ ಬೆಂಡಿನ ಗಾಳವೇ ಇದು, ಆಳಕ್ಕೆ ಹೊಂದಿಕೊಳ್ಳುವ ಹಾಗೆ ತಿದ್ದಿದ್ದಾರೆ ಅಷ್ಟೆ. ಇದು ಗೊತ್ತಾದ ದಿನ ನಂಟರು ಸಿಕ್ಕಷ್ಟು ಖುಷಿಯಾಯಿತು.

ಇದನ್ನೆಲ್ಲ ಹೇಳಿಕೊಟ್ಟಿದ್ದು ಪಕ್ಕದ ಮನೆಯವರು. ಎಪ್ಪತ್ತು ದಾಟಿದವರು, ಮಾತು ಕಮ್ಮಿ. ಜೂನ್ ಕೊನೆಯ ಒಂದು ಸಂಜೆ ನನ್ನನ್ನು ಮಿಲ್ ಲ್ಯಾಕ್ಸ್‌ನ ನಡುವಿನ ಕೆಸರು ದಿಬ್ಬಗಳಿಗೆ ಕರೆದುಕೊಂಡು ಹೋದರು. ನೀರೊಳಗೆ ಬಯಲಿನಂತೆ ಹರಡಿದ ಜಾಗ, ಮೇಲೆ ಇಪ್ಪತ್ತೈದು ಅಡಿ ನೀರು, ಅಂಚಿನಲ್ಲಿ ಇನ್ನೂ ಆಳಕ್ಕೆ ಇಳಿಜಾರು. ಆ ಕೆಸರಿನಲ್ಲಿ ಮೇಫ್ಲೈ ಅನ್ನುವ ಹುಳದ ಮರಿಗಳು ಬಿಲ ಕೊರೆದು ಒಂದೆರಡು ವರ್ಷ ಬದುಕುತ್ತವೆ. ಬೇಸಿಗೆಯ ಒಂದು ಸಂಜೆ ಎಲ್ಲ ಒಟ್ಟಿಗೆ ಮೇಲೆದ್ದು, ಸಿಪ್ಪೆ ಕಳಚಿ, ರೆಕ್ಕೆ ಬಿಚ್ಚಿ ಹಾರಿ, ಒಂದೆರಡು ದಿನದಲ್ಲಿ ಮೊಟ್ಟೆ ಇಟ್ಟು ಸಾಯುತ್ತವೆ. ಮೊದಲ ಮಳೆಗೆ ನಮ್ಮಲ್ಲಿ ದೀಪಕ್ಕೆ ಮುತ್ತುವ ಮಳೆಹುಳದ ಹಾಗೆಯೇ, ಸಾಲುಸಾಲು. ದೋಣಿ, ಟೋಪಿ, ಕಾಫಿ ಲೋಟ ಎಲ್ಲ ಹುಳ. ಮೇಲೇಳುವ ಮರಿಗಳನ್ನು ವಾಲೈ ಹೊಟ್ಟೆ ಬಿರಿಯುವಷ್ಟು ತಿನ್ನುತ್ತೆ. ಆ ವಾರ ಕೆಲವರು ಏನು ಹಾಕಿದರೂ ಮೀನು ಮುಟ್ಟಲ್ಲ ಅಂತ ಗೊಣಗುತ್ತಾರೆ. ಹಬ್ಬದ ಊಟ ಮಾಡಿದವನ ಮುಂದೆ ಉಪ್ಪಿಟ್ಟು ಇಟ್ಟ ಹಾಗೆ. ಆದರೂ ಮೀನು ಎಲ್ಲಿದೆ ಅಂತ ಗೊತ್ತಾಗೋದು ಆಗಲೇ. ಮೂಗಿನ ಮುಂದೆ ನಿಧಾನಕ್ಕೆ ಆಡುವ ಇಂಬಳವನ್ನು ಬಾಯಿಚಪಲಕ್ಕಾದರೂ ಹಿಡಿಯುತ್ತೆ.

ಗಾಳಿ ದಕ್ಷಿಣದಿಂದ ಬೀಸುತ್ತಿತ್ತು. ಸೂರ್ಯ ಮುಳುಗೋದು ಒಂಬತ್ತು ಗಂಟೆ ದಾಟಿದ ಮೇಲೆ. ಎಂಟೂಮುಕ್ಕಾಲರ ತನಕ ಏನೂ ಇಲ್ಲ. ಆಮೇಲೆ ನನ್ನ ಕಿತ್ತಳೆ ಬೆಂಡು ಅಲೆಯ ಹಿಂದೆ ಹೋಗಿದ್ದು ವಾಪಸ್ ಬರಲೇ ಇಲ್ಲ. ಎಳೆದುಕೊಂಡು ಹೋಗಿದ್ದಲ್ಲ, ಕುಲುಕಿದ್ದಲ್ಲ. ಸುಮ್ನೆ ಇಲ್ಲ, ಅಷ್ಟೇ. ನಾನು ಊರಿನ ಅಭ್ಯಾಸದಂತೆ ಝಾಡಿಸಲು ಹೋದೆ. ಅವರು ಮೊಣಕೈ ಹಿಡಿದು "ಮೂರು ಎಣಿಸು" ಅಂದರು. ಎಣಿಸಿದೆ. ಸಡಿಲ ಸುತ್ತಿಕೊಂಡು ಎತ್ತಿದಾಗ ಆ ಕಡೆ ಭಾರ ಇತ್ತು.

ಆ ಒಂದು ಮೀನು

ಇಲ್ಲಿಗೆ ಮುಗಿಸಿದ್ದರೆ ಒಳ್ಳೆ ಕತೆ. ಆದರೆ ಅದೇ ಬೇಸಿಗೆ, ಜುಲೈ ಕೊನೆಯಲ್ಲಿ, ನಾನೊಬ್ಬನೇ ಗೆಳೆಯನ ದೋಣಿ ತೆಗೆದುಕೊಂಡು ಹೋದೆ. ಈಗ ನನಗೆ ಎಲ್ಲ ಗೊತ್ತು ಅನ್ನುವ ಗತ್ತು. ಆ ವರ್ಷದ ನಿಯಮದಂತೆ ಆ ಕೆರೆಯ ವಾಲೈ ಒಂದನ್ನೂ ಮನೆಗೆ ತರುವಂತಿರಲಿಲ್ಲ. ಹಿಡಿ, ಬಿಡು, ಅಷ್ಟೇ. ಮೀನು ಕಮ್ಮಿಯಾಗಿತ್ತು. 2015ರ ಆಗಸ್ಟ್‌ನಲ್ಲಂತೂ ವಾಲೈ ಹಿಡಿಯೋದನ್ನೇ ನಡುಬೇಸಿಗೆಯಲ್ಲಿ ನಿಲ್ಲಿಸಿದ್ದರು. ಸಂಜೆ ಗಾಳಿ ಚೆನ್ನಾಗಿತ್ತು, ಮೋಡ ಇತ್ತು. ದಿಬ್ಬದ ಅಂಚಿನ ಆಳದಲ್ಲಿ, ಮೂವತ್ತು ಅಡಿಗಿಂತ ಕೆಳಗಿಂದ, ಇಪ್ಪತ್ತನಾಲ್ಕು ಇಂಚಿನ ಒಂದು ಮೀನು ಬಂತು. ಇಂಬಳದ ಜೊತೆ ಗಾಳವನ್ನು ಗಂಟಲವರೆಗೂ ನುಂಗಿತ್ತು. ತಂಗೂಸಿ ಕತ್ತರಿಸಿ ಗಾಳ ಅಲ್ಲೇ ಬಿಟ್ಟಿದ್ದರೆ ಬದುಕುವ ಸಾಧ್ಯತೆ ಜಾಸ್ತಿ ಇತ್ತು. ನಾನು ಇಕ್ಕಳ ಹಾಕಿ ಕಿತ್ತೆ. ಆಮೇಲೆ ಫೋಟೋ. ಮೊದಲನೆಯದು ಮಸುಕಾಯಿತು ಅಂತ ಇನ್ನೊಂದು. ನೀರು ಬೆಚ್ಚಗಿತ್ತು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಮ್ಮಿ, ಸೆಣಸಿ ದಣಿದ ಮೀನಿಗೆ ಬೇಕಾಗಿರೋದು ಜಾಸ್ತಿ. ಆಳದಿಂದ ಬೇಗ ಎತ್ತಿದ್ದಕ್ಕೆ ಒಳಗಿನ ಗಾಳಿಚೀಲ ಉಬ್ಬಿರುತ್ತೆ, ವಾಲೈ ಆ ಗಾಳಿಯನ್ನು ಬಾಯಿಂದ ಬಿಡಲಾರದು.

ನೀರಿಗೆ ಬಿಟ್ಟೆ. ಎರಡು ಸಲ ಬಾಲ ಆಡಿಸಿ ಕೆಳಗೆ ಹೋಯಿತು. ನಾನು ಇಂಬಳ ಚುಚ್ಚುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಹದಿನೈದು ಮಾರು ದೂರದಲ್ಲಿ ಬೆಳ್ಳಗೆ ಏನೋ ತೇಲಿತು. ಹೊಟ್ಟೆ ಮೇಲಾಗಿ, ಕಿವಿರು ಆಗಾಗ ತೆರೆದು ಮುಚ್ಚುತ್ತಾ. ದೋಣಿ ತಿರುಗಿಸಿ ಹೋಗಿ ಕೈಯಲ್ಲಿ ನೆಟ್ಟಗೆ ಹಿಡಿದು ನಿಲ್ಲಿಸಿದೆ. ಕೈ ಬಿಟ್ಟರೆ ಮತ್ತೆ ಮಗುಚಿಕೊಳ್ಳುತ್ತಿತ್ತು. ಹತ್ತು ನಿಮಿಷ ಹಾಗೇ ಹಿಡಿದುಕೊಂಡಿದ್ದೆ. ಸತ್ತರೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ನಾಲ್ಕು ಜನಕ್ಕೆ ಸಾರಾಗುವ ಮೀನನ್ನು ನೀರಿನ ಮೇಲೆ ಬಿಟ್ಟು ಬರೋದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗದ ಕೆಲಸ. ಬಿಟ್ಟೆ. ಬಿಳಿ ಕಡಲಹಕ್ಕಿಯೊಂದು ಬಂದು ಮೊದಲು ಕಣ್ಣಿಗೇ ಕುಕ್ಕಿತು.

ಬಿಟ್ಟ ಮೀನಿನಲ್ಲಿ ಎಷ್ಟು ಸಾಯುತ್ತವೆ ಅಂತ ಇಲ್ಲಿಯ ಇಲಾಖೆ ಅಂದಾಜು ಮಾಡಿ, ಅದನ್ನೂ ನಮ್ಮಂಥವರ ಪಾಲಿನ ಲೆಕ್ಕಕ್ಕೇ ಹಾಕುತ್ತದೆ. ನೀರು ಬಿಸಿಯಾದಷ್ಟೂ ಆ ಸಂಖ್ಯೆ ಏರುತ್ತೆ. ಈ ಕೆರೆಯ ಮೀನಿನಲ್ಲಿ ಇಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರಿಗೂ ಪಾಲಿದೆ. 1837ರ ಒಪ್ಪಂದದ ಹಕ್ಕು ಅದು, 1999ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ವಸಂತದಲ್ಲಿ ಅವರು ಬಲೆ ಹಾಕುತ್ತಾರೆ. ಎರೆ ಮಾರುವ ಅಂಗಡಿಗಳಲ್ಲಿ ನಿಂತರೆ ಮೀನು ಕಮ್ಮಿಯಾಗಿದ್ದಕ್ಕೆಲ್ಲ ಆ ಬಲೆಯನ್ನೇ ಬೈಯೋದು ಕೇಳಿಸುತ್ತೆ. ನಾನೂ ಕೆಲವು ಸಲ ತಲೆಯಾಡಿಸಿದ್ದೇನೆ. ಅವರು ಹಿಡಿದ ಮೀನು ತೂಕಕ್ಕೆ ಬರುತ್ತೆ, ಯಾರದೋ ಊಟಕ್ಕೆ ಹೋಗುತ್ತೆ. ನನ್ನದು ಹಕ್ಕಿಗೆ ಹೋಯಿತು, ಜೊತೆಗೆ ನನ್ನ ಫೋನಿನಲ್ಲಿ ಎರಡು ಫೋಟೋ.

ಈಗ ನಡುಬೇಸಿಗೆಯ ಬಿಸಿಯಲ್ಲಿ ಮೂವತ್ತು ಅಡಿ ಆಳಕ್ಕೆ ಗಾಳ ಬಿಡಲ್ಲ. ಮಸ್ಕಿ ಅನ್ನುವ ದೊಡ್ಡ ಮೀನು ಹಿಡಿಯುವವರು ಮೇಲಿನ ನೀರು 80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾಡ್ ಒಳಗಿಡುತ್ತಾರೆ, ಅದು ಸರಿ ಅನಿಸುತ್ತೆ. ನಾನು ಅಂಥ ವಾರಗಳಲ್ಲಿ ಮಗಳ ಜೊತೆ ಕಟ್ಟೆಗೆ ಹೋಗುತ್ತೇನೆ, ಸನ್‌ಫಿಶ್ ನಾಲ್ಕು ಹಿಡಿದರೆ ಮಸಾಲೆ ಹಚ್ಚಿ ಹುರಿಯುತ್ತೇವೆ.

ಆ ಮೀನಿನ ಕತೆಯನ್ನು ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದೆ. ಊರಲ್ಲಿ ಮಳೆ ಜೋರಿತ್ತು, ಹೆಂಚಿನ ಮೇಲೆ ಬೀಳುವ ಸದ್ದು ಇಲ್ಲಿಗೆ ಕೇಳುತ್ತಿತ್ತು. ಇಪ್ಪತ್ತನಾಲ್ಕು ಇಂಚು ಅಂದರೆ ಮೊಣಕೈಗೆ ಎಷ್ಟಾಯಿತು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ತಿನ್ನೋಕಲ್ಲ ಅಂದ ಮೇಲೆ ಎಂತಕ್ಕೆ ಹಿಡೀತಿ ಮಾರಾಯ?"

ರಾತ್ರಿ ಹೊತ್ತು ದೀಪ ಆರಿಸಿ ನೀರಿನ ಮೇಲೆ ಕೂರೋದು ಚೆನ್ನಾಗಿರುತ್ತೆ ಅಂತೇನೋ ಹೇಳಿದೆ. ಅವರು ಈ ಸಲ ಹತ್ತು ಮೀನು ಎರಡೇ ದಿನ ಬಂತು, ಅದೂ ಸಣ್ಣದು ಅಂದರು. ಆಮೇಲೆ ಲೈನ್ ಕಟ್ ಆಯಿತು.